ದಿನಾ ಐತವಾರ

ಮುಂಜಾನಿ ಐದಕ್ಕ ಅವ್ವಗ ಎಚ್ಚರ.
ನನಗೂ ಎಚ್ಚರ, ನನ್ನ ಕೈಗಳಿಗೆ ಇಲ್ಲ.
ಬೆರಳು ಮಡಚಿಕೊಂಡು ಇನ್ನೂ ಮಲಗಿರತಾವ,
ಎಬ್ಬಿಸಿದರ ಉರೀತಾವ.
"ನೀರು" ಅಂತಾಳ.
"ಬಂದೆ" ಅಂತೀನಿ. ಬರೂದು ಏಳಕ್ಕ.
ನಳಗಿ ಹಾಕಿದ ಬಾಟ್ಲಿ ದಿಂಬಿನ ಬಾಜೂಕ ಇರತೈತಿ,
ಅದನ್ನ ಮುಟ್ಟೂದಿಲ್ಲ.
ಆ ಎರಡು ತಾಸು ಇಬ್ಬರೂ ಕಾಯತೀವಿ,
ಆಕಿ ನನ್ನ ಕೈಗೆ,
ನಾನೂ ನನ್ನ ಕೈಗೆ.

ಹಳೇ ಬಾಗಲಕೋಟಿಯೊಳಗ, ಹಿನ್ನೀರು ಬರೂಕ್ಕಿಂತ ಮೊದಲು,
ಅವ್ವ ಬಳಿ ಏರಸಾಕಿ.
ಯಾರ ಮುಂಗೈ ಹಿಡಿದರೂ ಕಣ್ಣು ಮುಚ್ಚಿ ಅಳತಿ ಹೇಳಾಕಿ:
ಎರಡು-ನಾಕು, ಎರಡು-ಆರು, ಎರಡು-ಎಂಟು.
ಹೆಬ್ಬಟ್ಟಿನ ಬುಡ ಒತ್ತಿ, ಮಾತಿಗೆ ಎಳೆದು,
"ನಿಮ್ಮ ಸೊಸಿ ಯಾವ ಊರಾಕಿ?" ಅನ್ನೂದರೊಳಗ
ಡಜನ್ ಗಾಜು ಗೆಣ್ಣು ದಾಟಿರತಿತ್ತು.

ಈಗ ನವನಗರದ ನಂಬರಿನ ಸೆಕ್ಟರಿನಾಗ
ಗಿರಾಕಿ ನಾ ಒಬ್ಬಾಕಿ.
ಡಾಕ್ಟರು ರಕ್ತ ತಗದು ನೋಡೂದನ್ನ
ಆಕಿ ಮುಟ್ಟಿ ಹೇಳತಾಳ:
"ನಿನ್ನೆ ಎರಡು-ಎಂಟು ಇತ್ತು, ಇವತ್ತ ಎರಡು-ಹತ್ತು.
ಬದನಿಕಾಯಿ ತಿಂದಿ?"
ಇಲ್ಲವ್ವ.
"ಮತ್ತ, ಅತ್ತಿ?"

ನನ್ನ ಚೀಟಿ ನೋಡಿ ಔಷಧದಂಗಡಿ ಹುಡುಗ ಕೇಳಿದ,
"ಇದು ಕ್ಯಾನ್ಸರಿಂದಲ್ರಿ? ತಾಯೀದೇನು?"
ಅಲ್ಲಪ್ಪ, ಇದು ನಂದು, ಕೀಲಿಂದು.
ತಾಯಿಗೆ ಈಗ ಬರೇ ನೋವಿಂದು ಬರದಾರ.
ಒಂದ ಮದ್ದು.
ಆಕಿಗೆ ದೊಡ್ಡ ಅಳತೀಲೆ ಕೊಟ್ಟು ನೋಡಿ ಕೈಬಿಟ್ಟರು,
ನನಗ ಸಣ್ಣ ಅಳತೀಲೆ, ಸಾಯೂತನಕ ಅಂದರು.

ಬಾಗಿಲಿಗೆ ಚೀಟಿ ಹಚ್ಚೀನಿ:
ನೆಗಡಿ, ಜ್ವರ ಇದ್ದವರು ಹೊರಗಿಂದನ ಮಾತಾಡ್ರಿ.
ಓದಿದವರು "ಪಾಪ, ಮುದುಕಿಗೆ" ಅಂತಾರ.
ಅದು ನನಗ. ನಾ ತಿದ್ದೂದಿಲ್ಲ.

ಬ್ಯಾಸಗಿಯೊಳಗ ಆಕಿ ಐವತ್ತೆಂಟು ಕಿಲೋ.
ಎತ್ತಿ ಕೂಡ್ರಸಾಕ ಬಾಜೂಮನಿ ರುಕ್ಸಾನಾನ್ನ ಕರೀತಿದ್ದೆ.
ಶ್ರಾವಣಕ್ಕ ನಲವತ್ತನಾಕು.
ದಸರಿಗೆ ಮೂವತ್ತೊಂದು.
ಈಗ ಯಾರನ್ನೂ ಕರಿಯೂದಿಲ್ಲ.
ಬಳಿ ಪೆಟ್ಟಿಗಿ ಹೊರೂದು ಆಕೀನ ಕಲಿಸಿದ್ದು:
ಬೆರಳೀಲೆ ಅಲ್ಲ, ಮೊಣಕೈಯಾಗ ತಗೊ, ಎದಿಗೆ ಹಚ್ಚಿ ಹಿಡಿ,
ಸಪ್ಪಳ ಆದರ ನಿಲ್ಲ.
ಹಂಗ ಒಯ್ಯತೀನಿ ಬಚ್ಚಲತನಕ,
ಸಪ್ಪಳ ಆದರ ನಿಲ್ಲತೀನಿ.
ಒಂದೊಂದು ಕಿಲೋ ಇಳಿದಾಗೂ
ನನ್ನ ಕೀಲು "ಬದುಕಿದೆ" ಅಂದಾವ.
ಕೇಳಿಸಿಕೊಂಡೀನಿ. ಯಾರ ಮುಂದೂ ಹೇಳಿಲ್ಲ.
ಇಲ್ಲಿ ಬರದೀನಿ.

ಮಾರ್ಫಿನ್ ಸುರು ಆದಮ್ಯಾಲ ಆಕಿಗೆ ವಾರ ತಪ್ಪ್ಯಾವ.
ಒಂದ ನೆಪ್ಪೈತಿ, ನನ್ನ ಗುಳಿಗಿ ವಾರ.
ದೀಪ ಹಚ್ಚೂ ಹೊತ್ತಿಗೆ ದಿನಾ ಕೇಳತಾಳ,
"ಸಾವಂತ್ರಿ, ಇವತ್ತ ಐತವಾರಲ್ಲಾ? ಆರೂ ನುಂಗಿದಿ?"
ಸೋಮಾರ ಕೇಳತಾಳ. ಬುಧವಾರ ಕೇಳತಾಳ.
ಆಕಿ ಲೆಕ್ಕಕ್ಕ ನುಂಗಿದ್ದರ
ಆಕೀಕಿಂತ ಮೊದಲ ನಾ ಹೋಗತಿದ್ದೆ.
"ನುಂಗೇನವ್ವ" ಅಂತೀನಿ.
"ಬಾಯಿ ತಗಿ."
ತಗೀತೀನಿ, ಐವತ್ತೊಂದು ವರ್ಷದ ಬಾಯಿ.
ನಾಲಗಿ ಕೆಳಗೂ ನೋಡತಾಳ.

ಮೊನ್ನೆ ಖರೇ ಐತವಾರ.
ಆರು ಹಳದಿ ಗುಳಿಗಿ ಅಂಗೈಯಾಗ ಹಾಕ್ಕೊಂಡು
ಮಂಚದ ಬಾಜೂಕ ಕುಂತೆ.
ದೀಪ ಹಚ್ಚಿದ್ದೆ. ಕೇಳಲಿಲ್ಲ.
ಬಾಜೂಮನಿ ಸೀರಿಯಲ್ ಮುಗೀತು. ಕೇಳಲಿಲ್ಲ.
ಗದಗಿನ ಕಡೆ ರೈಲು ಕೂಗಿ ಹೋತು.
ಆಕಿ ಕೈ ತಗೊಂಡು ನನ್ನ ಗೆಣ್ಣಿನ ಮ್ಯಾಲ ಇಟ್ಟೆ:
ಎಷ್ಟು, ಹೇಳ.
ಹೆಬ್ಬಟ್ಟು ಒತ್ತಿತು, ಇಲ್ಲಾ ಒತ್ತಿದಂಗ ಅನಿಸಿತು.
ಅಳತಿ ಹೇಳಲಿಲ್ಲ.

ಅಂಗೈ ಬೆವರಿಗೆ ಗುಳಿಗಿ ಬಣ್ಣ ಬಿಟ್ಟಿತ್ತು.
ಹನ್ನೊಂದಕ್ಕ ನುಂಗಿದೆ.
ಬಾಯಿ ತಗದು ತೋರಿಸಿದೆ.